ಪಂಪು ಕೆಟ್ಟ ದಿನ ಯಾರು ಬರುತ್ತಾರೆ?

ಪ್ರಶ್ನೆ: ಆಫ್ರಿಕಾದ ಒಂದು ಹಳ್ಳಿಗೆ ಬೋರ್‌ವೆಲ್ ಕೊರೆಸಲು ಹಣ ಬೇಕೆಂದು ಸಂಸ್ಥೆಯೊಂದರಿಂದ ನನಗೆ ಮನವಿ ಬಂದಿದೆ. ಕೊಡುವ ಮನಸ್ಸಿದೆ, ಆದರೆ ಅನುಮಾನವೂ ಇದೆ. ಬಡ ದೇಶಗಳಿಗೆ ನೀರು, ಶೌಚಾಲಯ ಎಂದು ನಾನು ಚಿಕ್ಕವನಿದ್ದಾಗಿನಿಂದ ದುಡ್ಡು ಹೋಗುತ್ತಲೇ ಇದೆ. ಆದರೂ ಕೋಟಿಗಟ್ಟಲೆ ಜನಕ್ಕೆ ಎರಡೂ ಇಲ್ಲ. ತೊಂದರೆ ಎಲ್ಲಿದೆ? ದುಡ್ಡು ಸಾಲದೋ, ತಂತ್ರಜ್ಞಾನ ಇಲ್ಲವೋ, ಮಧ್ಯದಲ್ಲಿ ತಿನ್ನುವವರು ಜಾಸ್ತಿಯೋ? ಖಾಸಗಿಯವರಿಗೆ ಕೊಟ್ಟುಬಿಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಕೊಡಿ, ಆದರೆ ಇವತ್ತೇ ಬೇಡ. ಆ ಸಂಸ್ಥೆಗೆ ಮೊದಲು ಒಂದೆರಡು ಪ್ರಶ್ನೆ ಕೇಳಿ. ಏನು ಕೇಳಬೇಕು ಎಂದು ಕೊನೆಗೆ ಹೇಳುತ್ತೇನೆ. ಅದಕ್ಕೂ ಮುಂಚೆ, ಇಷ್ಟು ವರ್ಷ ಹಾಕಿದ ದುಡ್ಡು ಎಲ್ಲಿ ಹೋಯಿತು ಎನ್ನುವ ನಿಮ್ಮ ಮಾತಿಗೆ ಬರುತ್ತೇನೆ.

ರೂರಲ್ ವಾಟರ್ ಸಪ್ಲೈ ನೆಟ್‌ವರ್ಕ್ ಎಂಬುದು ಹಳ್ಳಿಗಳ ನೀರಿನ ಕೆಲಸ ಮಾಡುವವರ ಒಂದು ಜಾಲ. 2009ರಲ್ಲಿ ಅವರು ಸಹಾರಾ ಮರುಭೂಮಿಯಿಂದ ದಕ್ಷಿಣಕ್ಕಿರುವ 20 ದೇಶಗಳ ಕೈಪಂಪುಗಳ ಲೆಕ್ಕ ಒಟ್ಟುಮಾಡಿದರು. ಹೆಚ್ಚುಕಡಿಮೆ ಮೂರಕ್ಕೊಂದು ಪಂಪು ಕೆಟ್ಟು ನಿಂತಿತ್ತು. ಗಮನಿಸಿ, ಇವು ಕಾಗದದ ಮೇಲಷ್ಟೇ ಇದ್ದ ಪಂಪುಗಳಲ್ಲ. ಯಾರೋ ದುಡ್ಡು ಕೊಟ್ಟಿದ್ದರು, ಯಾರೋ ಕೊರೆದಿದ್ದರು, ನೀರೂ ಬಂದಿತ್ತು. ಆಮೇಲೆ ನಿಂತುಹೋಯಿತು. ಹಾಗೆಯೇ ಉಳಿಯಿತು.

ಕೈಪಂಪು ಯಾಕೆ ಕೆಡುತ್ತದೆ ಎನ್ನುವುದರಲ್ಲಿ ರಹಸ್ಯ ಏನೂ ಇಲ್ಲ. ನೆಲದೊಳಗಿನ ಸಿಲಿಂಡರಿನಲ್ಲಿ ಒಂದು ವಾಷರ್ ಇರುತ್ತದೆ, ಅದು ಸವೆಯುತ್ತದೆ. ರಾಡು ತುಂಡಾಗುತ್ತದೆ. ಅಂತರ್ಜಲದಲ್ಲಿ ಆಮ್ಲದ ಅಂಶ ಇರುವ ಕಡೆ ಕಬ್ಬಿಣದ ಪೈಪು ತುಕ್ಕು ಹಿಡಿದು ತೂತಾಗುತ್ತದೆ. ಇಂಡಿಯಾ ಮಾರ್ಕ್ 2 ಎಂಬ ಪಂಪು ಗಟ್ಟಿಮುಟ್ಟು, ಲೋಕವೆಲ್ಲ ಸುತ್ತಿದ ಪಂಪು. ಆದರೆ ಅದರ ವಾಷರ್ ಬದಲಿಸಬೇಕೆಂದರೆ ಪೈಪನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ಮುಕ್ಕಾಲಿ ಬೇಕು, ಆಳು ಬೇಕು, ಕೆಲಸ ಬಲ್ಲವರು ಬೇಕು. ಈ ತಾಪತ್ರಯ ನೋಡಿಯೇ 1980ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ ಆಫ್ರಿದೇವ್ ಎಂಬ ಇನ್ನೊಂದು ಪಂಪು ರೂಪಿಸಿದರು. ಇದರಲ್ಲಿ ಪೈಪು ಇದ್ದಲ್ಲೇ ಇರುತ್ತದೆ, ಒಳಗಿನ ಭಾಗವನ್ನು ಮಾತ್ರ ಮೇಲಕ್ಕೆ ಎಳೆದುಕೊಳ್ಳಬಹುದು. ಊರಿನವರೇ ರಿಪೇರಿ ಮಾಡಿಕೊಳ್ಳಲಿ ಎಂಬ ಯೋಚನೆ. ಒಳ್ಳೆಯ ಯೋಚನೆಯೇ. ಆದರೆ ಹತ್ತಿರದ ಪೇಟೆಯಲ್ಲಿ ಆ ವಾಷರ್ ಸಿಗದಿದ್ದರೆ?

ಆಗ ಎಲ್ಲರೂ ಹೇಳುತ್ತಿದ್ದ ಮಂತ್ರ ಒಂದೇ: ಪಂಪು ಹಾಕಿಕೊಡಿ, ಊರಿನಲ್ಲಿ ಒಂದು ಸಮಿತಿ ಮಾಡಿ, ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದನ್ನು ನಂಬಿದ್ದೆ. ಊರಿಗೇ ಒಡೆತನ ಕೊಡುವುದು ಕೇಳಲು ಚೆನ್ನಾಗಿರುತ್ತದೆ ಅಲ್ವಾ? ಒಂದು ಸಲ ಇದನ್ನು ನಿಮ್ಮ ಮೇಲೇ ಹಾಕಿಕೊಂಡು ನೋಡಿ. ನಿಮ್ಮ ಬೀದಿಯ ನೀರಿನ ಪೈಪು, ಮೋಟಾರು, ವಾಲ್ವು ಎಲ್ಲವನ್ನೂ ಇನ್ನು ಮುಂದೆ ಬೀದಿಯವರೇ ಸಮಿತಿ ಮಾಡಿಕೊಂಡು ನೋಡಿಕೊಳ್ಳಿ, ರಿಪೇರಿ ಕಲಿಯಿರಿ, ಪ್ರತಿ ಮನೆಯಿಂದ ದುಡ್ಡು ಎತ್ತಿರಿ ಎಂದರೆ ಎಷ್ಟು ದಿನ ನಡೆದೀತು? ಪಂಪು ಚೆನ್ನಾಗಿ ನಡೆಯುವಾಗ ದುಡ್ಡು ಯಾಕೆ ಕೊಡಬೇಕು ಎನ್ನುತ್ತಾರೆ. ಕೆಟ್ಟ ಮೇಲೆ ನೀರೇ ಬರುತ್ತಿಲ್ಲ, ದುಡ್ಡು ಯಾಕೆ ಎನ್ನುತ್ತಾರೆ. ನಾವು ಯಾರೂ ನಮಗಾಗಿ ಒಪ್ಪದ ಏರ್ಪಾಡನ್ನು ಕೈಯಲ್ಲಿ ಕಾಸಿಲ್ಲದವರ ಹೆಗಲಿಗೆ ಹೇರಿ, ಅದಕ್ಕೆ ಸ್ವಾವಲಂಬನೆ ಎಂದು ಹೆಸರಿಟ್ಟೆವು.

ಕೀನ್ಯಾದ ಕಿಟುಯಿ ಪ್ರಾಂತ್ಯದ ಕ್ಯೂಸೊ ಎಂಬಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಬೇರೆ ದಾರಿ ಹಿಡಿದರು. ಪಂಪಿನ ಹಿಡಿಯೊಳಗೆ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟರು. ಹಿಡಿ ಎಷ್ಟು ಆಡಿತು ಎನ್ನುವ ಸುದ್ದಿ ಮೊಬೈಲ್ ಜಾಲದ ಮೂಲಕ ಕಚೇರಿಗೆ ಬರುತ್ತಿತ್ತು. ಹಿಡಿ ಆಡುವುದು ನಿಂತರೆ ಮೆಕ್ಯಾನಿಕ್ ಬೈಕು ಹತ್ತಿ ಹೊರಡುತ್ತಿದ್ದ. ಅದಕ್ಕೂ ಮೊದಲು ಕೆಟ್ಟ ಪಂಪು ಸರಿಯಾಗಲು ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯುತ್ತಿತ್ತು. ಈ ಏರ್ಪಾಡಿನಲ್ಲಿ ಸರಾಸರಿ ಮೂರು ದಿನದೊಳಗೆ ಮುಗಿಯುತ್ತಿತ್ತು. ಮುಂದೆ ಇದೇ ಫಂಡಿಫಿಕ್ಸ್ ಎಂಬ ರಿಪೇರಿ ಕಂಪನಿಯಾಯಿತು. ಟ್ರಾನ್ಸ್‌ಮಿಟರ್ ಬಗ್ಗೆ ಎಲ್ಲರೂ ಬೆರಗಿನಿಂದ ಮಾತಾಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಆ ಬೈಕಿನವನು. ಅವನಿಗೆ ಸಂಬಳ ಇತ್ತು, ಬಿಡಿಭಾಗದ ಡಬ್ಬಿ ಇತ್ತು, ಒಂದಲ್ಲ ಹಲವು ಊರುಗಳ ಪಂಪು ಅವನ ಜವಾಬ್ದಾರಿಯಾಗಿತ್ತು. ಊರಿನವರು ಕೊಡುವ ದುಡ್ಡಿನಿಂದ ಮಾತ್ರ ಇದು ನಡೆಯುವುದಿಲ್ಲ ಎನ್ನುವುದನ್ನೂ ಹೇಳಲೇಬೇಕು. ಖರ್ಚಿನ ಒಂದು ಪಾಲನ್ನು ಬೇರೆ ನಿಧಿಯಿಂದ ತುಂಬಬೇಕು.

ನೀರು ಬಂದರೆ ಸಾಕು, ಒಳ್ಳೆಯದೇ ಇರುತ್ತದೆ ಎಂದುಕೊಳ್ಳುವುದೂ ತಪ್ಪು. ಬಾಂಗ್ಲಾದೇಶದಲ್ಲಿ 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿ ಹಾಕಿದರು. ಕೆರೆ, ಹೊಳೆಯ ಕೊಳಕು ನೀರು ಕುಡಿದು ಮಕ್ಕಳು ಸಾಯುವುದು ತಪ್ಪಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದು. 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಇರುವುದು ಪತ್ತೆಯಾಯಿತು. ಯಾರೂ ಬೆರೆಸಿದ್ದಲ್ಲ, ಮೇಲಿನ ಪದರದ ಮಣ್ಣಿನಲ್ಲೇ ಇದ್ದದ್ದು. ಬಣ್ಣ ಇಲ್ಲ, ವಾಸನೆ ಇಲ್ಲ. ಆಮೇಲೆ ಲಕ್ಷಗಟ್ಟಲೆ ಬಾವಿಗಳನ್ನು ಪರೀಕ್ಷೆ ಮಾಡಿ, ವಿಷ ಇರುವುದಕ್ಕೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಕೊರೆಯುವ ಹೊತ್ತಿಗೇ ಪರೀಕ್ಷೆ ಮಾಡಿದ್ದರೆ ಅಷ್ಟು ವರ್ಷ ಜನ ಅದನ್ನು ಕುಡಿಯುವುದು ತಪ್ಪುತ್ತಿತ್ತು.

ಈಗ ಒಟ್ಟು ಚಿತ್ರ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಇಡುವ ಲೆಕ್ಕದ ಪ್ರಕಾರ 2022ರಲ್ಲಿ 220 ಕೋಟಿ ಜನರಿಗೆ ಸುರಕ್ಷಿತ ಕುಡಿಯುವ ನೀರಿನ ಸೇವೆ ಇರಲಿಲ್ಲ. 350 ಕೋಟಿ ಜನರಿಗೆ ಸುರಕ್ಷಿತ ಶೌಚ ವ್ಯವಸ್ಥೆ ಇರಲಿಲ್ಲ. ಸುಮಾರು 42 ಕೋಟಿ ಜನ ಬಯಲಿಗೇ ಹೋಗುತ್ತಿದ್ದರು. ಅಷ್ಟೊಂದು ಜನ ಹನಿ ನೀರಿಲ್ಲದೆ ಇದ್ದಾರೆ ಎಂದು ಇದರ ಅರ್ಥವಲ್ಲ. ಸುರಕ್ಷಿತ ಎನ್ನಬೇಕಾದರೆ ನೀರು ಮನೆಯ ಆವರಣದಲ್ಲೇ ಸಿಗಬೇಕು, ಬೇಕಾದಾಗ ಬರಬೇಕು, ಅದರಲ್ಲಿ ಮಲದ ಸೋಂಕಾಗಲಿ ಆರ್ಸೆನಿಕ್, ಫ್ಲೋರೈಡ್‌ಗಳ ಕಾಟವಾಗಲಿ ಇರಬಾರದು. ನಲ್ಲಿಯೋ ಬೋರ್‌ವೆಲ್ಲೋ ಇದ್ದೂ ಈ ಮೂರರಲ್ಲಿ ಒಂದಕ್ಕೆ ಎಡವುವವರೇ ಬಹಳ. 2030ರೊಳಗೆ ಎಲ್ಲರಿಗೂ ಎಂದು 2015ರಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಿಕೊಂಡಾಗಿದೆ. ಅದು ಆಗಬೇಕಾದರೆ ನೀರಿನ ಕೆಲಸ ಈಗಿನದರ 6 ಪಟ್ಟು, ಶೌಚದ ಕೆಲಸ 5 ಪಟ್ಟು ವೇಗವಾಗಿ ನಡೆಯಬೇಕು ಎಂದು 2023ರ ವರದಿ ಹೇಳಿತು. ನಡೆಯುವ ಲಕ್ಷಣ ಕಾಣುತ್ತಿಲ್ಲ.

ಹಾಗಾದರೆ ಎಲ್ಲೂ ಸರಿಹೋಗಿಲ್ಲವೇ? ಹೋಗಿದೆ. ನನಗೆ ಬಹಳ ಇಷ್ಟವಾದ ಉದಾಹರಣೆ ಕಾಂಬೋಡಿಯಾದ ರಾಜಧಾನಿ ಫ್ನಾಮ್ ಪೆನ್.

1993ರಲ್ಲಿ ಎಕ್ ಸೊನ್ ಚಾನ್ ಎಂಬ ಎಂಜಿನಿಯರ್ ಅಲ್ಲಿನ ನೀರು ಸರಬರಾಜು ಮಂಡಳಿಯ ಮುಖ್ಯಸ್ಥರಾದರು. ಯುದ್ಧ, ನರಮೇಧ ಎಲ್ಲ ಕಂಡು ಹಾಳಾಗಿದ್ದ ಊರು ಅದು. ದಿನಕ್ಕೆ 10 ಗಂಟೆಯಷ್ಟು ನೀರು, ಅದೂ ಊರಿನ ಒಂದು ಸಣ್ಣ ಭಾಗಕ್ಕೆ. ಪಂಪು ಮಾಡಿ ಬಿಟ್ಟ ನೀರಿನಲ್ಲಿ ನೂರಕ್ಕೆ 72 ಭಾಗ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಒಂದಿಷ್ಟು ಪೈಪಿನಿಂದ ಸೋರುತ್ತಿತ್ತು. ಒಂದಿಷ್ಟನ್ನು ಕದ್ದು ಎಳೆದುಕೊಳ್ಳುತ್ತಿದ್ದರು. ಮಂಡಳಿಯ ಸಿಬ್ಬಂದಿಯೇ ದುಡ್ಡು ತೆಗೆದುಕೊಂಡು ಕಳ್ಳ ಸಂಪರ್ಕ ಹಾಕಿಕೊಡುತ್ತಿದ್ದರು.

ಚಾನ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ತೀರಾ ಸಪ್ಪೆ ಎನಿಸುವಂಥದ್ದು. ಮನೆಮನೆಗೆ ಜನ ಕಳಿಸಿ ಗ್ರಾಹಕರ ಪಟ್ಟಿ ಹೊಸದಾಗಿ ಮಾಡಿಸಿದರು. ಪಟ್ಟಿಯಲ್ಲಿದ್ದ ಎಷ್ಟೋ ಗ್ರಾಹಕರು ನೆಲದ ಮೇಲೆ ಇರಲೇ ಇಲ್ಲ. ನೀರು ಬಳಸುತ್ತಿದ್ದ ಸಾವಿರಾರು ಮನೆಗಳು ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ ಎಲ್ಲರಿಗೂ ಮೀಟರ್. ಸರ್ಕಾರಿ ಕಚೇರಿಗೂ, ಸೇನೆಯವರಿಗೂ, ದೊಡ್ಡ ಮನುಷ್ಯರಿಗೂ. ಮೀಟರ್ ಹಾಕಲು ಹೋದಾಗ ಸೇನೆಯ ಜನರಲ್ ಒಬ್ಬ ತಲೆಗೆ ಬಂದೂಕು ಹಿಡಿದಿದ್ದನ್ನು ಚಾನ್ ಅವರೇ ಹೇಳಿಕೊಂಡಿದ್ದಾರೆ. ಅವರು ಸುಮ್ನೆ ವಾಪಸ್ ಬರಲಿಲ್ಲ, ಸಶಸ್ತ್ರ ಸಿಬ್ಬಂದಿಯನ್ನು ಕರೆದುಕೊಂಡು ಮತ್ತೆ ಹೋಗಿ ಸಂಪರ್ಕ ಕತ್ತರಿಸಿದರು. ಕಳ್ಳ ಸಂಪರ್ಕ ತೋರಿಸಿಕೊಟ್ಟವರಿಗೆ ಬಹುಮಾನ ಇಟ್ಟರು. ಚೆನ್ನಾಗಿ ಕೆಲಸ ಮಾಡುವ ಸಿಬ್ಬಂದಿಗೆ ಸಂಬಳ, ಬೋನಸ್ ಹೆಚ್ಚಿಸಿದರು, ಕದಿಯುವವರನ್ನು ಮನೆಗೆ ಕಳಿಸಿದರು. ಜಪಾನ್, ಫ್ರಾನ್ಸ್, ವಿಶ್ವ ಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್‌ಗಳಿಂದ ಸಾಲ, ನೆರವು ಬಂತು, ಹಳೆಯ ಪೈಪು ಬದಲಾಯಿತು. ದರವನ್ನೂ ಏರಿಸಿದರು. ನೀರು ಸರಿಯಾಗಿ ಬರುತ್ತಿದ್ದುದರಿಂದ ಜನ ಕಟ್ಟಿದರು. ತೀರಾ ಬಡ ಮನೆಗಳಿಗೆ ಸಂಪರ್ಕದ ಶುಲ್ಕದಲ್ಲಿ ರಿಯಾಯಿತಿ, ಕೆಲವರಿಗೆ ಪೂರ್ತಿ ಮಾಫಿ.

2008–09ರ ಹೊತ್ತಿಗೆ ಲೆಕ್ಕಕ್ಕೆ ಸಿಗದ ನೀರು ನೂರಕ್ಕೆ 72ರಿಂದ ಸುಮಾರು 6ಕ್ಕೆ ಇಳಿದಿತ್ತು. ಶ್ರೀಮಂತ ದೇಶಗಳ ಎಷ್ಟೋ ಊರುಗಳು ಈ ಮಟ್ಟ ಮುಟ್ಟಿಲ್ಲ. ನೀರು ದಿನದ 24 ಗಂಟೆಯೂ ಬರುತ್ತಿತ್ತು. 2006ರಲ್ಲಿ ಚಾನ್ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಇಷ್ಟೆಲ್ಲ ಮಾಡಿದ್ದು ಒಂದು ಸರ್ಕಾರಿ ಸಂಸ್ಥೆ.

ಖಾಸಗಿಯವರಿಗೆ ಕೊಟ್ಟರೆ ಹೇಗೆ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಉಳಿದರ್ಧ ಹೀಗೆ. ಬೊಲಿವಿಯಾದ ಕೊಚಬಾಂಬಾದಲ್ಲಿ ನೀರನ್ನು ಖಾಸಗಿ ಕೂಟಕ್ಕೆ ಕೊಟ್ಟರು, ದರ ಒಮ್ಮೆಲೇ ಏರಿತು, ಜನ ಬೀದಿಗಿಳಿದರು, 2000ದ ಏಪ್ರಿಲ್‌ನಲ್ಲಿ ಒಪ್ಪಂದವೇ ರದ್ದಾಯಿತು. ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ 1997ರಲ್ಲಿ ಊರನ್ನು ಎರಡು ಭಾಗ ಮಾಡಿ ಎರಡು ಕಂಪನಿಗೆ ಕೊಟ್ಟರು. ಒಂದು ಕಡೆ ಸೋರಿಕೆ ಚೆನ್ನಾಗಿ ಇಳಿದು ಕೊಳೆಗೇರಿಗಳಿಗೂ ನಲ್ಲಿ ಬಂತು. ಇನ್ನೊಂದು ಕಡೆ ಕಂಪನಿ ಸಾಲದಲ್ಲಿ ಮುಳುಗಿ, ಕೊನೆಗೆ ಕೈ ಬದಲಾಯಿತು. ಒಡೆಯ ಯಾರು ಎನ್ನುವುದರ ಮೇಲೆ ಜಗಳ ಆಡುವವರು ಆಡಲಿ. ಮೀಟರ್ ಓದುವವನು, ವಾಲ್ವು ತಿರುಗಿಸುವವನು ಯಾರಿಗೆ ಉತ್ತರ ಹೇಳಬೇಕು ಎನ್ನುವುದು ಗಟ್ಟಿಯಾಗದಿದ್ದರೆ ಸರ್ಕಾರಿಯಾದರೂ ಕೆಡುತ್ತದೆ, ಖಾಸಗಿಯಾದರೂ ಕೆಡುತ್ತದೆ.

ಬಡವರು ನೀರಿನ ಬಿಲ್ ಕಟ್ಟಲಾರರು, ಅದಕ್ಕೇ ಅವರಿಗೆ ನಲ್ಲಿ ಇಲ್ಲ ಎಂದು ಅಧಿಕಾರಿಗಳು ಹೇಳುವುದುಂಟು. ನನಗೆ ಸಿಟ್ಟು ಬರುವ ಮಾತು ಇದು. ನಲ್ಲಿ ಇಲ್ಲದ ಕೊಳೆಗೇರಿಯವರು ಕ್ಯಾನಿನಲ್ಲಿ, ತಳ್ಳುಗಾಡಿಯಲ್ಲಿ ಬರುವ ನೀರು ಕೊಳ್ಳುತ್ತಾರೆ. ಲೀಟರಿನ ಲೆಕ್ಕದಲ್ಲಿ ಅವರು ಕೊಡುವುದು ನಲ್ಲಿ ಇರುವ ಮನೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಅವರನ್ನು ತಡೆಯುವುದು ತಿಂಗಳ ಬಿಲ್ಲಲ್ಲ. ಸಂಪರ್ಕ ಪಡೆಯಲು ಒಂದೇ ಸಲ ಕಟ್ಟಬೇಕಾದ ದೊಡ್ಡ ಮೊತ್ತ, ಮತ್ತೆ ಜಾಗದ ಕಾಗದಪತ್ರ. ಹಕ್ಕುಪತ್ರ ಇಲ್ಲದವನಿಗೆ ನಲ್ಲಿ ಕೊಟ್ಟರೆ ಆ ಜಾಗ ಅವನದೇ ಎಂದು ಒಪ್ಪಿದಂತಾಗುತ್ತದೆ ಎಂಬ ಭಯ ಆಡಳಿತಕ್ಕೆ.

ಇದಕ್ಕೂ ದಾರಿ ಇದೆ. ಢಾಕಾದಲ್ಲಿ 1990ರ ದಶಕದಲ್ಲಿ ದುಸ್ಥ ಸ್ವಾಸ್ಥ್ಯ ಕೇಂದ್ರ ಎಂಬ ಸಂಸ್ಥೆ ತನ್ನ ಹೆಸರಿನಲ್ಲಿ ಸಂಪರ್ಕ ತೆಗೆದುಕೊಂಡು ಬಿಲ್ಲಿಗೆ ಜಾಮೀನು ನಿಂತಿತು. ಕೊಳೆಗೇರಿಯವರು ತಪ್ಪದೆ ಕಟ್ಟುತ್ತಾರೆ ಎಂದು ನೀರಿನ ಮಂಡಳಿಗೆ ಮನದಟ್ಟಾಯಿತು. ಮುಂದೆ ಹಕ್ಕುಪತ್ರ ಇಲ್ಲದವರಿಗೂ ಸಂಪರ್ಕ ಕೊಡಲು ಮಂಡಳಿ ಒಪ್ಪಿತು. ಐವರಿ ಕೋಸ್ಟ್‌ನಲ್ಲಿ ಎಲ್ಲರ ಬಿಲ್ಲಿಗೂ ಸಣ್ಣ ಮೊತ್ತ ಸೇರಿಸಿ ಒಂದು ನಿಧಿ ಮಾಡಿ, ಅದರಿಂದ ಬಡ ಮನೆಗಳ ಸಂಪರ್ಕದ ಖರ್ಚು ತುಂಬುವ ಪದ್ಧತಿ ಇದೆ. ಒಳ್ಳೆಯ ಉದ್ದೇಶ ತಿರುಗುಮುರುಗಾದದ್ದೂ ಇದೆ. ಕಡಿಮೆ ಬಳಸಿದರೆ ಕಡಿಮೆ ದರ, ಜಾಸ್ತಿ ಬಳಸಿದರೆ ಜಾಸ್ತಿ ದರ ಎನ್ನುವ ನಿಯಮ ನ್ಯಾಯವಾಗಿ ಕಾಣುತ್ತದೆ. ಆದರೆ ವಠಾರದಲ್ಲಿ ಏಳೆಂಟು ಸಂಸಾರಕ್ಕೆ ಒಂದೇ ಮೀಟರ್ ಇದ್ದರೆ? ಎಲ್ಲರ ನೀರೂ ಅದರಲ್ಲೇ ಕೂಡಿ, ಅವರು ಮೇಲಿನ ದರಕ್ಕೆ ಸಿಕ್ಕಿಬೀಳುತ್ತಾರೆ.

ಇನ್ನು ಶೌಚಾಲಯ. ನೀರಿಗಿಂತ ಇದು ಕಷ್ಟ, ಫೋಟೊ ತೆಗೆಸಿಕೊಳ್ಳಲು ಬರುವವರೂ ಕಡಿಮೆ.

1999–2000ದಲ್ಲಿ ಬಾಂಗ್ಲಾದೇಶದ ರಾಜಶಾಹಿ ಕಡೆಯ ಒಂದು ಹಳ್ಳಿಯಲ್ಲಿ ಕಮಲ್ ಕರ್ ಎಂಬ ಅಭಿವೃದ್ಧಿ ಸಲಹೆಗಾರರು ಹೊಸ ವಿಧಾನ ಶುರು ಮಾಡಿದರು. ಶೌಚಾಲಯ ಕಟ್ಟಲು ದುಡ್ಡು ಕೊಡಲಿಲ್ಲ. ಊರಿನವರೇ ಬಯಲಿಗೆ ಹೋಗುವ ಜಾಗಗಳನ್ನು ನೆಲದ ಮೇಲೆ ನಕ್ಷೆಯಾಗಿ ಬರೆದು, ಆ ಹೊಲಸು ನೊಣದ ಕಾಲಿಗಂಟಿ ತಮ್ಮ ಊಟಕ್ಕೆ ಹೇಗೆ ಬರುತ್ತದೆ ಎಂದು ಲೆಕ್ಕ ಹಾಕುವಂತೆ ಮಾಡಿದರು. ನಾಚಿಕೆ, ಅಸಹ್ಯದಿಂದ ಜನ ತಾವೇ ಗುಂಡಿ ತೋಡಿಕೊಂಡರು. ಈ ವಿಧಾನ ಹತ್ತಾರು ದೇಶಗಳಿಗೆ ಹಬ್ಬಿತು. ಒಳ್ಳೆಯದೂ ಆಯಿತು, ಕೆಲವೆಡೆ ನಾಚಿಕೆ ಹೋಗಿ ಅವಮಾನ, ಬೆದರಿಕೆ ಎಂದಾಯಿತು. ತಾವೇ ಮಾಡಿಕೊಂಡ ಅಗ್ಗದ ಗುಂಡಿ ಮಳೆಗೆ ಕುಸಿದಾಗ ಮತ್ತೆ ಬಯಲಿಗೆ ಹೋದವರೂ ಇದ್ದಾರೆ.

ಪಟ್ಟಣದಲ್ಲಿ ಸಮಸ್ಯೆ ಬೇರೆ. ಅಲ್ಲಿ ಶೌಚಾಲಯ ಇರುತ್ತದೆ. ಅದರ ಗುಂಡಿ ತುಂಬಿದಾಗ ಏನು ಎನ್ನುವುದಕ್ಕೆ ಉತ್ತರ ಇರುವುದಿಲ್ಲ. ಲಾರಿ ಓಣಿಯೊಳಗೆ ಬರುವುದಿಲ್ಲ. ಬಂದರೂ ದುಬಾರಿ. ಕೊನೆಗೆ ರಾತ್ರಿ ಹೊತ್ತು ಯಾರೋ ಬಕೆಟ್ಟಿನಲ್ಲಿ ಎತ್ತಿ ಪಕ್ಕದ ಮೋರಿಗೆ ಸುರಿಯುತ್ತಾರೆ. ಲಾರಿಯವನು ಎಳೆದುಕೊಂಡು ಹೋದರೂ ಶುದ್ಧೀಕರಣದ ಜಾಗ ಊರಾಚೆ ದೂರದಲ್ಲಿದ್ದರೆ ಡೀಸೆಲ್ ಉಳಿಸಲು ದಾರಿಯಲ್ಲೇ ಹಳ್ಳಕ್ಕೆ ಬಿಡುತ್ತಾನೆ. ಲೆಕ್ಕದ ಪುಸ್ತಕದಲ್ಲಿ ಆ ಮನೆಗೆ ಶೌಚಾಲಯ ಇದೆ ಎಂದೇ ಇರುತ್ತದೆ.

ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ನಡೆದ ದೊಡ್ಡ ಪ್ರಯೋಗಗಳ ಫಲಿತಾಂಶ 2018–19ರಲ್ಲಿ ಬಂದಾಗ ನಮ್ಮ ಕ್ಷೇತ್ರದವರಿಗೆ ಪೆಟ್ಟು ಬಿದ್ದಂತಾಯಿತು. ಮನೆಗಳಿಗೆ ಸುಧಾರಿತ ಗುಂಡಿ ಶೌಚಾಲಯ, ನೀರು ಶುದ್ಧ ಮಾಡುವ ಕ್ಲೋರಿನ್, ಕೈ ತೊಳೆಯುವ ವ್ಯವಸ್ಥೆ ಕೊಟ್ಟರೂ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಭೇದಿ ಕಡಿಮೆಯಾದದ್ದು ಬಾಂಗ್ಲಾದೇಶದಲ್ಲಿ ಮಾತ್ರ. ಹಾಗಾದರೆ ಇದೆಲ್ಲ ದಂಡ ಎಂದು ಕೆಲವರು ಕೈ ತೊಳೆದುಕೊಂಡರು. ನಾನು ಅದನ್ನು ಓದುವುದು ಬೇರೆ ಥರ. ಸುತ್ತಲ ಮಣ್ಣು, ಮೋರಿ, ಅಂಗಳದ ಕೋಳಿ ಎಲ್ಲದರಲ್ಲೂ ಸೋಂಕು ಇರುವಾಗ ಒಂದೊಂದು ಮನೆಗೆ ಒಂದೊಂದು ಅಗ್ಗದ ಸಾಮಾನು ಹಂಚಿದರೆ ಸಾಲದು, ಅಷ್ಟೇ. ನೀರು ಶುದ್ಧ ಮಾಡುವುದಂತೂ ಖಂಡಿತ ದಂಡವಲ್ಲ. ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ, ನೀರಿನ ಶುದ್ಧೀಕರಣದಿಂದ ಐದು ವರ್ಷದೊಳಗಿನ ಮಕ್ಕಳ ಸಾವು ಸುಮಾರು ಕಾಲು ಭಾಗ ಇಳಿಯುತ್ತದೆ ಎಂದು ಕಂಡಿತು. ಕ್ಲೋರಿನ್‌ನಷ್ಟು ಅಗ್ಗದ ವಸ್ತುವಿನಿಂದ ಇಷ್ಟು ಸಿಗುವುದು ಅಪರೂಪ.

ಇಡೀ ಓಣಿಯನ್ನು ಒಟ್ಟಿಗೆ ನೋಡಿದ ಕಡೆ ಶೌಚದ ಕೆಲಸವೂ ಬಾಳಿಕೆ ಬಂದಿದೆ. ಕರಾಚಿಯ ಒರಂಗಿ ಎಂಬ ಬಡಾವಣೆಯಲ್ಲಿ 1980ರಲ್ಲಿ ಅಖ್ತರ್ ಹಮೀದ್ ಖಾನ್ ಶುರು ಮಾಡಿದ ಯೋಜನೆ ಅಂಥದ್ದು. ಒಂದು ಓಣಿಯ ಇಪ್ಪತ್ತು ಮೂವತ್ತು ಮನೆಯವರು ಸೇರಿ ತಮ್ಮದೇ ದುಡ್ಡಿನಲ್ಲಿ ಓಣಿಯ ಒಳಚರಂಡಿ ಹಾಕಿಕೊಳ್ಳುವುದು. ಸಂಸ್ಥೆ ಕೊಡುವುದು ನಕ್ಷೆ, ಅಳತೆ, ಸಲಹೆ ಮಾತ್ರ. ಆ ಓಣಿಗಳ ನೀರು ಸೇರುವ ದೊಡ್ಡ ಕಾಲುವೆ, ಶುದ್ಧೀಕರಣ ಸರ್ಕಾರದ ಪಾಲು. ಸುಮಾರು ಒಂದು ಲಕ್ಷ ಮನೆಗಳು ಹೀಗೆ ಚರಂಡಿ ಕಂಡವು. ಊರಿನವರೇ ಮಾಡಿಕೊಳ್ಳಲಿ ಎಂಬುದನ್ನು ನಾನು ಮೇಲೆ ಬೈದೆ, ಇಲ್ಲಿ ಹೊಗಳುತ್ತಿದ್ದೇನೆ. ವ್ಯತ್ಯಾಸ ಇದೆ. ಒರಂಗಿಯಲ್ಲಿ ಜನರ ಪಾಲಿಗೆ ಬಂದದ್ದು ಕಣ್ಣೆದುರಿನ ಓಣಿ, ದೊಡ್ಡ ಕಾಲುವೆಯನ್ನು ಯಾರೂ ಅವರ ತಲೆಗೆ ಕಟ್ಟಲಿಲ್ಲ.

ಬ್ರೆಜಿಲ್‌ನಲ್ಲೂ 1980ರ ದಶಕದಲ್ಲಿ ಇಂಥದ್ದೇ ಜಾಣತನ ತೋರಿಸಿದರು. ಸಣ್ಣ ಪೈಪು, ಕಡಿಮೆ ಆಳ. ನಡುರಸ್ತೆ ಅಗೆಯದೆ ಹಿತ್ತಿಲು, ಕಾಲುದಾರಿಯ ಕೆಳಗೆ ಹಾಯಿಸಿದರು. ಖರ್ಚು ಬಹಳ ಇಳಿಯಿತು. ಬಡವರ ಬಡಾವಣೆಗಳಿಗೆಂದು ಶುರುವಾದದ್ದನ್ನು ಮುಂದೆ ರಾಜಧಾನಿ ಬ್ರೆಸಿಲಿಯಾದಲ್ಲೂ ಅಳವಡಿಸಿಕೊಂಡರು. ಪೈಪು ಹಾಕಲು ಜಾಗವೇ ಇಲ್ಲದ ಕಡೆ ಹೈಟಿಯ ಕ್ಯಾಪ್-ಹೈಟಿಯನ್‌ನಲ್ಲಿ ಸಾಯಿಲ್ ಎಂಬ ಸಂಸ್ಥೆ ಮನೆಗೆ ಡಬ್ಬಿ ಇರುವ ಶೌಚಾಲಯ ಬಾಡಿಗೆಗೆ ಕೊಟ್ಟು, ತುಂಬಿದ ಡಬ್ಬಿಯನ್ನು ಸರದಿಯಂತೆ ಒಯ್ದು ಗೊಬ್ಬರ ಮಾಡುತ್ತದೆ.

ನಿಮ್ಮ ಮೂರು ಅನುಮಾನಗಳಿಗೆ ಈಗ ನೇರವಾಗಿ ಹೇಳಬಹುದು. ತಂತ್ರಜ್ಞಾನ ಬಹುಪಾಲು ಇದೆ. ತಿನ್ನುವವರು ಇದ್ದಾರೆ, ಫ್ನಾಮ್ ಪೆನ್‌ನಲ್ಲಿ ನೋಡಿದೆವಲ್ಲ. ದುಡ್ಡೂ ಸಾಲದು. ಆದರೆ ದುಡ್ಡಿನಲ್ಲಿ ಎರಡು ಬಗೆ ಇದೆ. ಕಟ್ಟುವುದಕ್ಕೆ ದುಡ್ಡು ಕೊಡುವವರು ಸಿಗುತ್ತಾರೆ, ಕಲ್ಲಿನ ಮೇಲೆ ಹೆಸರೂ ಬರುತ್ತದೆ. ವಾಷರಿಗೆ, ಕ್ಲೋರಿನ್‌ಗೆ, ಕರೆಂಟ್ ಬಿಲ್ಲಿಗೆ, ಆ ಬೈಕಿನವನ ಸಂಬಳಕ್ಕೆ ಯಾರೂ ಸಿಗುವುದಿಲ್ಲ. ಅದು ಬರಬೇಕಾದದ್ದು ಜನ ಕಟ್ಟುವ ಬಿಲ್ಲಿನಿಂದ ಮತ್ತು ಸರ್ಕಾರದ ತೆರಿಗೆಯಿಂದ. ಈ ಎರಡು ಇಲ್ಲದ ಕಡೆ ದಾನಿಗಳು ಎಷ್ಟು ಕೊರೆಸಿದರೂ ಸೋರುವ ಕೊಡಕ್ಕೆ ನೀರು ಹೊಯ್ದ ಹಾಗೆ.

ಈಗ ನಿಮ್ಮ ಮನವಿ ಪತ್ರ. ಆ ಸಂಸ್ಥೆಗೆ ಒಂದು ಇಮೇಲ್ ಬರೆಯಿರಿ. ಐದು ವರ್ಷದ ಹಿಂದೆ ಎಷ್ಟು ಬೋರ್‌ವೆಲ್ ಕೊರೆಸಿದ್ದೀರಿ, ಅದರಲ್ಲಿ ಇವತ್ತು ಎಷ್ಟು ನಡೆಯುತ್ತಿವೆ ಎಂದು ಕೇಳಿ. ಪಂಪು ಕೆಟ್ಟರೆ ಊರಿನವರು ಯಾರಿಗೆ ಫೋನ್ ಮಾಡುತ್ತಾರೆ, ಅವರ ಸಂಬಳ ಎಲ್ಲಿಂದ ಬರುತ್ತದೆ ಎಂದು ಕೇಳಿ. ನೀರಿನ ಪರೀಕ್ಷೆಯ ವರದಿ ಕಳಿಸಿ ಎನ್ನಿ. ನಗುವ ಮಕ್ಕಳ ಫೋಟೊ ಮಾತ್ರ ಉತ್ತರವಾಗಿ ಬಂದರೆ ಬೇರೆ ಸಂಸ್ಥೆ ಹುಡುಕಿ. ‘40 ಕೊರೆಸಿದ್ದೆವು, 33 ನಡೆಯುತ್ತಿವೆ, ಏಳು ಕೆಟ್ಟಿವೆ, ಕಾರಣ ಹೀಗಿದೆ’ ಎಂಬಂಥ ಉತ್ತರ ಬಂದರೆ ಕೊಡಿ. ಕೊಡುವಾಗ ಹೊಸದೊಂದು ಕೊರೆಸಲು ಬೇಡ, ಆ ಏಳನ್ನು ರಿಪೇರಿ ಮಾಡಿಸಲು ಬಳಸಿ ಎಂದು ಬರೆದು ಕೊಡಿ.